ಮೂರ್ಛೆಯೂ ರಕ್ತದ ಹಂಚಿಕೆಯೂ

ಅಜ್ಜಂಪುರದ ಬಿಸಿಲಿನಲ್ಲಿ ಜಾತ್ರೆಯ ತೇರನ್ನು ನೋಡುತ್ತ ಬಹಳ ಹೊತ್ತು ನಿಂತವನು ಬೆವತು, ಮುಖ ಬಿಳಿಚಿ, ಕುಸಿದು ಬೀಳುವುದುಂಟು. ಸುತ್ತಲಿನವರು ಮರುಕದಿಂದ ಓಡಿಬಂದು ಅವನನ್ನು ಎತ್ತಿ ಕೂರಿಸುವರು. ಬಾಯಿಗೆ ನೀರು ಹಾಕುವರು. ಈ ಉಪಚಾರವು ಸರಿಯೆ? ಇದನ್ನು ನಿರ್ಣಯಿಸಬೇಕಾದರೆ ಶರೀರದಲ್ಲಿ ರಕ್ತವು ಹೇಗೆ ಹಂಚಿಕೆಯಾಗುವುದೆಂಬುದನ್ನು ಮೊದಲು ಅರಿಯತಕ್ಕದ್ದು.

ರಕ್ತವು ಗುಂಡಿಗೆಯಿಂದ ಹೊರಟು ಮತ್ತೆ ಗುಂಡಿಗೆಗೇ ಬಂದು ಸೇರುವುದೆಂದು ವಿಲಿಯಂ ಹಾರ್ವೆಯು 1628ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಸಾಧಿಸಿದನು. ಸ್ವಸ್ಥನಾದ ಮನುಷ್ಯನ ಗುಂಡಿಗೆಯು ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 5 ಲೀಟರು ರಕ್ತವನ್ನು ಹೊರಡಿಸುತ್ತದೆ. ಆದರೆ ಯಾವ ಅಂಗಕ್ಕೆ ಎಷ್ಟು ಪಾಲು ಸಲ್ಲುತ್ತದೆ? ಜೀವಂತ ಮನುಷ್ಯನಲ್ಲಿಯೇ ಇದನ್ನು ಅಳೆಯುವುದಕ್ಕೆ ತಮ್ಮ ಜೀವಮಾನವನ್ನು ಮುಡಿಪಾಗಿಟ್ಟವರಲ್ಲಿ ಹೆನ್ರಿ ಬಾರ್‌ಕ್ರಾಫ್ಟರು ಪ್ರಮುಖರು. 1904ರಲ್ಲಿ ಜನಿಸಿದ ಇವರ ತಂದೆ ಜೋಸೆಫ್ ಬಾರ್‌ಕ್ರಾಫ್ಟರೂ ಕೇಂಬ್ರಿಡ್ಜಿನ ಪ್ರಸಿದ್ಧ ಶರೀರಶಾಸ್ತ್ರಜ್ಞರೇ. ಹೆನ್ರಿಯವರು 1935ರಿಂದ ಬೆಲ್‌ಫಾಸ್ಟಿನ ಕ್ವೀನ್ಸ್ ವಿಶ್ವವಿದ್ಯಾನಿಲಯದಲ್ಲಿಯೂ, 1948ರಿಂದ 1971ರವರೆಗೆ ಲಂಡನ್ನಿನ ಸೇಂಟ್ ಥಾಮಸ್ ವೈದ್ಯ ವಿದ್ಯಾಲಯದಲ್ಲಿಯೂ ಪ್ರಾಧ್ಯಾಪಕರಾಗಿದ್ದು, 1998ರಲ್ಲಿ ಕಾಲವಾದರು.

ಅವರು ಬಳಸಿದ ಅಳತೆಯ ಉಪಾಯವನ್ನು ಕಡೂರು ಸೀಮೆಯವರು ಸುಲಭವಾಗಿ ಗ್ರಹಿಸಬಲ್ಲರು. ಸಖರಾಯಪಟ್ಟಣದ ಬಳಿಯ ಅಯ್ಯನಕೆರೆಯ ತೂಬನ್ನು ಮುಚ್ಚಿ, ನೀರಿನ ಮಟ್ಟವು ಗಳಿಗೆಗೆ ಎಷ್ಟು ಏರಿತೆಂದು ನೋಡಿದರೆ ಹಳ್ಳದಿಂದ ಬರುವ ನೀರೆಷ್ಟೆಂಬುದು ತಿಳಿಯುವುದಷ್ಟೆ. ಹಾಗೆಯೇ ತೋಳಿಗೆ ಗಾಳಿಯ ಪಟ್ಟಿಯೊಂದನ್ನು ಕಟ್ಟಿ ಹದವಾಗಿ ಬಿಗಿದರೆ, ರಕ್ತವನ್ನು ಹಿಂದಕ್ಕೊಯ್ಯುವ ಸಿರೆಗಳು ಮುಚ್ಚಿಕೊಳ್ಳುವುವು. ಒಳಕ್ಕೆ ತರುವ ಧಮನಿಗಳು ತೆರೆದೇ ಇರುವುವು. ಆಗ ಮುಂಗೈ ಕ್ಷಣಕ್ಷಣಕ್ಕೂ ಕೊಂಚ ಕೊಂಚ ಉಬ್ಬುವುದು. ನೀರು ತುಂಬಿದ ಪಾತ್ರೆಯೊಳಗೆ ಮುಂಗೈಯನ್ನಿರಿಸಿ ಆ ಉಬ್ಬನ್ನು ಅಳೆದರೆ ಒಳಬರುವ ರಕ್ತದ ಲೆಕ್ಕವು ದೊರೆಯುವುದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ರಕ್ತಸ್ರಾವದಿಂದಾಗುವ ಮೂರ್ಛೆಯ ಕಾರಣವನ್ನು ತಿಳಿಯುವುದು ಅಗತ್ಯವಾಯಿತು. ಬಾರ್‌ಕ್ರಾಫ್ಟರೂ ಅವರ ಸಂಗಡಿಗರೂ ಒಪ್ಪಿ ಬಂದವರ ಶರೀರದಿಂದ ರಕ್ತವನ್ನು ತೆಗೆದು ಪರೀಕ್ಷಿಸಿ, 1944ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮೂರ್ಛೆಯ ಗಳಿಗೆಯಲ್ಲಿ ನಾಡಿ ನಿಧಾನವಾಯಿತು. ರಕ್ತದ ಒತ್ತಡ ಕುಸಿಯಿತು. ಆದರೆ ಮುಂಗೈಗೆ ಬರುವ ರಕ್ತವು ಕಡಮೆಯಾಗುವುದಕ್ಕೆ ಬದಲಾಗಿ ಹೆಚ್ಚಿತು! ಮಾಂಸಖಂಡಗಳ ನಾಳಗಳು ಒಮ್ಮೆಗೇ ಅಗಲವಾಗಿದ್ದುವು. ನರಗಳ ಪ್ರಭಾವವನ್ನು ತಡೆದ ಕೈಯಲ್ಲಿ ಈ ಹೆಚ್ಚಳವು ಕಾಣಲಿಲ್ಲ. ಆದಕಾರಣ ಇದು ನರಗಳ ಮೂಲಕವೇ ಆಗುವ ಕಾರ್ಯವೆಂದು ಸಿದ್ಧವಾಯಿತು. ಎಲ್ಲರ ಮೂರ್ಛೆಯೂ ಒಂದೇ ಬಗೆಯಲ್ಲವೆಂದೂ, ಕೆಲವರಲ್ಲಿ ಗುಂಡಿಗೆಯು ಹೊರಡಿಸುವ ರಕ್ತವೇ ಇಳಿಯುವುದೆಂದೂ ಈಚಿನ ಸಂಶೋಧನೆಗಳು ತೋರಿಸಿವೆ.

ತರೀಕೆರೆಯ ಅಡಕೆತೋಟದಲ್ಲಿ ಕವಲುಗಾಲುವೆಗಳ ಬಾಯಿಗಳನ್ನೆಲ್ಲ ಒಟ್ಟಿಗೆ ತೆರೆದರೆ ಮೇಲುಭಾಗದ ಮರಗಳಿಗೆ ನೀರೇರದು. ನಿಂತ ಮನುಷ್ಯನ ಮಿದುಳೂ ಮೇಲುಭಾಗದ ಮರವೇ. ಅದಕ್ಕೆ ಹತ್ತು ಸೆಕೆಂಡುಗಳಷ್ಟು ಕಾಲ ರಕ್ತವು ತಪ್ಪಿದರೂ ಎಚ್ಚರವು ಹೋಗುವುದು. ನೆಲಕ್ಕೆ ಬೀಳುವುದೇ ಒಂದು ವಿಧದಲ್ಲಿ ಪ್ರಕೃತಿಯ ಚಿಕಿತ್ಸೆ; ಮಲಗಿದಾಗ ತಲೆಯೂ ಗುಂಡಿಗೆಯೂ ಒಂದೇ ಮಟ್ಟಕ್ಕೆ ಬರುವುವು.

ಆದುದರಿಂದ ಮೂರ್ಛೆ ಹೋದವನನ್ನು ಎತ್ತಿ ಕೂರಿಸುವುದು ಅಪಾಯಕರವಾದ ಉಪಚಾರ. ಅವನನ್ನು ನೆಲದ ಮೇಲೆ ಚಪ್ಪಟೆಯಾಗಿ ಮಲಗಿಸಿ, ಕಾಲುಗಳನ್ನು ಕೊಂಚ ಎತ್ತಿಡಬೇಕು. ಕತ್ತಿನ ಉಡುಪನ್ನು ಸಡಿಲಿಸಬೇಕು. ಪೂರ್ಣ ಎಚ್ಚರ ಬರುವ ತನಕ ಬಾಯಿಗೆ ಏನನ್ನೂ ಹಾಕಕೂಡದು, ನೀರು ಶ್ವಾಸನಾಳಕ್ಕಿಳಿಯಬಹುದು. ಒಂದೆರಡು ನಿಮಿಷಗಳಲ್ಲಿ ಚೇತರಿಸದಿದ್ದರೆ, ಎದೆನೋವಿದ್ದರೆ, ಇಲ್ಲವೆ ದುಡಿಯುತ್ತಿರುವಾಗಲೇ ಬಿದ್ದಿದ್ದರೆ, ತಡಮಾಡದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ಉಸಿರೇ ಇಲ್ಲದಿದ್ದರೆ ಅದು ಮೂರ್ಛೆಯಲ್ಲ, ಒಡನೆಯೇ ಎದೆಯನ್ನೊತ್ತುವ ಚಿಕಿತ್ಸೆಯನ್ನು ಆರಂಭಿಸಬೇಕು. ರಕ್ತದಾನ ಮಾಡಿದವರನ್ನು ಕೆಲಕಾಲ ಮಲಗಿಸಿಡುವ ಪದ್ಧತಿಯ ಅರ್ಥವೂ ಇದರಿಂದ ವಿಶದವಾಗುವುದು.