ಮಂಗಳೂರಿಗೆ ವಿಮಾನದಲ್ಲಿ ಎಷ್ಟು ಹೊತ್ತು?

ಬೆಂಗಳೂರಿನಿಂದ ಮಂಗಳೂರಿಗೆ ಆಕಾಶಮಾರ್ಗದಲ್ಲಿ ಹೆಚ್ಚುಕಡಿಮೆ 300 ಕಿ.ಮೀ. ವಿಮಾನದ ವೇಗ ಗಂಟೆಗೆ 800 ಕಿ.ಮೀ. ಭಾಗಿಸಿದರೆ 23 ನಿಮಿಷವೂ ಆಗುವುದಿಲ್ಲ. ಹಾಗಿದ್ದ ಮೇಲೆ ಟಿಕೆಟ್ಟಿನಲ್ಲಿ ಒಂದು ಗಂಟೆಗೂ ಮೇಲೆ ಯಾಕೆ ಹಾಕುತ್ತಾರೆ? ಬಹಳ ಜನ ಕೇಳುವ ಪ್ರಶ್ನೆ ಇದು.

ಭಾಗಾಕಾರ ಸರಿ, ಹಿಡಿದ ವೇಗ ತಪ್ಪು. 800 ಕಿ.ಮೀ. ಎನ್ನುವುದು ಜೆಟ್ ವಿಮಾನ ಮೂವತ್ತು ಸಾವಿರ ಅಡಿ ಮೇಲೇರಿ ನೇರ ಹಾರುವಾಗಿನ ವೇಗ. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ ಗಂಟೆಗೆ 460 ಕಿ.ಮೀ. ಮೀರುವಂತಿಲ್ಲ. ಮಂಗಳೂರಿನ ದಾರಿಯಲ್ಲಿ ಏರುವುದು, ಇಳಿಯುವುದೇ ಹೆಚ್ಚು. ನೇರ ಹಾರಾಟ ಕೆಲವೇ ನಿಮಿಷ.

ಇನ್ನು, ಟಿಕೆಟ್ಟಿನಲ್ಲಿರುವುದು ಹಾರಾಟದ ಸಮಯವೇ ಅಲ್ಲ. ವಿಮಾನಯಾನದವರು ಅದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ವಿಮಾನ ನಿಂತ ಜಾಗ ಬಿಟ್ಟು ಕದಲಿದಾಗ ಶುರುವಾಗುವ ಈ ಲೆಕ್ಕ, ಆ ಊರಿನ ನಿಲುಗಡೆಯಲ್ಲಿ ಚಕ್ರ ಪೂರ್ತಿ ನಿಂತಾಗ ಮುಗಿಯುತ್ತದೆ. ಟ್ರ್ಯಾಕ್ಟರ್ ಹಿಂದಕ್ಕೆ ತಳ್ಳುವುದು, ಎಂಜಿನ್ ಶುರುಮಾಡುವುದು, ರನ್‌ವೇವರೆಗೆ ತೆವಳುವುದು, ಅಲ್ಲಿ ಸರದಿಗೆ ಕಾಯುವುದು ಎಲ್ಲವೂ ಅದರೊಳಗೇ. ವಿಳಂಬಕ್ಕೆಂದು ಒಂದಿಷ್ಟು ಹೆಚ್ಚುವರಿ ನಿಮಿಷಗಳನ್ನೂ ಸೇರಿಸಿರುತ್ತಾರೆ. ತಡವಾಗಿ ಹೊರಟ ವಿಮಾನ ಹೇಳಿದ ಹೊತ್ತಿಗೇ ಇಳಿದರೆ ಪೈಲಟ್ ಜೋರಾಗಿ ಓಡಿಸಿದ ಎಂದುಕೊಳ್ಳುತ್ತೇವೆ. ಹೆಚ್ಚಿನ ಸಲ ಕೆಲಸಕ್ಕೆ ಬಂದಿರುವುದು ಈ ನಿಮಿಷಗಳು.

ವಿಮಾನ ಗೆರೆ ಎಳೆದ ಹಾಗೆ ನೇರ ಹೋಗುತ್ತದೆ ಎಂಬುದೂ ಪೂರ್ತಿ ನಿಜವಲ್ಲ. ಕೆಂಪೇಗೌಡ ನಿಲ್ದಾಣದ ರನ್‌ವೇಗಳು ಪೂರ್ವ-ಪಶ್ಚಿಮವಾಗಿವೆ, ವಿಮಾನ ಏರುವುದು ಗಾಳಿಗೆ ಎದುರಾಗಿ. ಮೂಡಣ ಗಾಳಿಯ ದಿನ ಪಶ್ಚಿಮದ ಮಂಗಳೂರಿಗೆ ಹೊರಟ ವಿಮಾನ ಮೊದಲು ಪೂರ್ವಕ್ಕೆ ಹಾರಿ, ಆಮೇಲೆ ತಿರುಗಿಕೊಳ್ಳುತ್ತದೆ. ಆ ಕಡೆ ಗುಡ್ಡದ ನೆತ್ತಿಯ ರನ್‌ವೇ. ಮಳೆಗಾಲದಲ್ಲಿ ಮೋಡ ಕವಿದರೆ ಆಕಾಶದಲ್ಲೇ ಸುತ್ತು ಹಾಕಿ ಕಾಯಬೇಕಾಗಬಹುದು.

ದೆಹಲಿಗೆ ಸುಮಾರು 1,700 ಕಿ.ಮೀ. ಮಂಗಳೂರಿಗಿಂತ ಐದು ಪಟ್ಟು ಮೀರಿದ ದೂರ. ಆದರೂ ಟಿಕೆಟ್ಟಿನ ಸಮಯ ಮೂರು ಗಂಟೆಯ ಒಳಗೆ-ಹೊರಗೆ. ನೆಲದ ಮೇಲಿನ ಓಡಾಟ ಎರಡಕ್ಕೂ ಹೆಚ್ಚುಕಡಿಮೆ ಒಂದೇ, ಉದ್ದ ದಾರಿಯಲ್ಲಿ ಅದು ಕರಗಿಹೋಗುತ್ತದೆ.

ಎಲ್ಲಕ್ಕಿಂತ ಗಟ್ಟಿಯಾಗಿ ಬೇರೂರಿರುವ ನಂಬಿಕೆ ಭೂಮಿಯ ತಿರುಗುವಿಕೆಯದು. ಭೂಮಿ ಪೂರ್ವಕ್ಕೆ ತಿರುಗುವುದರಿಂದ ಪಶ್ಚಿಮಕ್ಕೆ ಹೋಗುವ ವಿಮಾನಕ್ಕೆ ಊರು ತಾನೇ ಎದುರು ಬರುತ್ತದೆ ಎನ್ನುವವರಿದ್ದಾರೆ. ಭೂಮಿಯ ಜೊತೆಗೆ ಗಾಳಿಯೂ, ಗಾಳಿಯಲ್ಲಿರುವ ವಿಮಾನವೂ ತಿರುಗುತ್ತಿರುತ್ತವೆ, ಹಾಗಾಗಿ ಅದರಿಂದ ಬಿಟ್ಟಿ ಲಾಭ ಸಿಗುವುದಿಲ್ಲ. ವ್ಯತ್ಯಾಸ ಮಾಡುವುದು ಗಾಳಿ. ಚಳಿಗಾಲದಲ್ಲಿ ಉತ್ತರ ಭಾರತದ ಮೇಲೆ ಪಶ್ಚಿಮದಿಂದ ಬೀಸುವ ಜೆಟ್ ಸ್ಟ್ರೀಮ್ ಗಂಟೆಗೆ 150 ಕಿ.ಮೀ. ದಾಟುವುದುಂಟು. ದೆಹಲಿಯಿಂದ ಗುವಾಹಟಿಗೆ ಹೋಗುವಾಗ ಅದು ಬೆನ್ನಿಗೆ ಬೀಳುತ್ತದೆ, ಬರುವಾಗ ಎದೆಗೆ. ಅದೇ ದೂರಕ್ಕೆ ವಾಪಸು ಬರುವ ಪ್ರಯಾಣ ಹೆಚ್ಚು ಹೊತ್ತು ಹಿಡಿಯುವುದು ಇದರಿಂದಲೇ. ಬೆಂಗಳೂರು-ದೆಹಲಿ ಮಾರ್ಗ ದಕ್ಷಿಣೋತ್ತರ, ಗಾಳಿ ಅಡ್ಡ ಬೀಸುವುದರಿಂದ ಅಲ್ಲಿ ಅಷ್ಟು ಅಂತರ ಕಾಣದು.

ಆದ್ದರಿಂದ ಅಂತರ್ಜಾಲದ ದೂರದ ಲೆಕ್ಕ ನಂಬಿ ಹೊರಡಬೇಡಿ. ಮೆಜೆಸ್ಟಿಕ್‌ನಿಂದ ವಿಮಾನ ನಿಲ್ದಾಣವೇ ಸುಮಾರು 35 ಕಿ.ಮೀ.; ದೇಶೀಯ ವಿಮಾನಗಳಿಗೆ ಚೆಕ್-ಇನ್ ಸಾಮಾನ್ಯವಾಗಿ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಮಂಗಳೂರಿನಲ್ಲಿ ಆಸ್ಪತ್ರೆಯ ಅಪಾಯಿಂಟ್‌ಮೆಂಟೋ ಕೋರ್ಟಿನ ವಾಯಿದೆಯೋ ಇದ್ದರೆ, ಮನೆ ಬಾಗಿಲಿನಿಂದ ಐದು ಗಂಟೆ ಹಿಡಿದು ಅದಕ್ಕೆ ತಕ್ಕ ವಿಮಾನ ಆರಿಸಿಕೊಳ್ಳಿ.