ವಿದೇಶದ ಮನೆಗೆ ಕಾಲಿಡುವ ಮುನ್ನ: ಆತಿಥೇಯ ಕುಟುಂಬದ ಪರಿಚಯ ಹೇಗೆ?

ಹೈಸ್ಕೂಲು ಅಥವಾ ಪಿಯುಸಿ ಓದುತ್ತಿರುವಾಗಲೇ ಒಂದು ಶೈಕ್ಷಣಿಕ ವರ್ಷದ ಮಟ್ಟಿಗೆ ವಿದೇಶದ ಶಾಲೆಯಲ್ಲಿ ಕಲಿಯುವ ಅವಕಾಶ ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮಗಳಿಂದ ದೊರೆಯುತ್ತದೆ. ಹೀಗೆ ಹೋಗುವ ಹೆಚ್ಚಿನ ಮಕ್ಕಳು ವಾಸಿಸುವುದು ಹಾಸ್ಟೆಲಿನಲ್ಲಲ್ಲ, ಆ ಊರಿನ ಒಂದು ಕುಟುಂಬದ ಜೊತೆಯಲ್ಲಿ. ವೀಸಾ, ವಿಮಾನದ ಟಿಕೆಟ್, ಚಳಿಗೆ ಸ್ವೆಟರ್ ಎಂದು ಓಡಾಡುವ ಪೋಷಕರು ಅಷ್ಟೇ ಗಮನವನ್ನು ಇನ್ನೊಂದು ವಿಷಯಕ್ಕೂ ಕೊಡಬೇಕು. ನಮ್ಮ ಮಗ ಅಥವಾ ಮಗಳು ಹತ್ತು ತಿಂಗಳು ಯಾರ ಮನೆಯಲ್ಲಿ ಉಂಡು ಮಲಗಲಿದ್ದಾರೆ?

ಅತಿಥಿಯಲ್ಲ, ಮನೆಯ ಸದಸ್ಯ

ಈ ವ್ಯವಸ್ಥೆಗೆ ದೀರ್ಘ ಇತಿಹಾಸವಿದೆ. ಯುದ್ಧಭೂಮಿಯಲ್ಲಿ ಗಾಯಾಳುಗಳನ್ನು ಸಾಗಿಸುತ್ತಿದ್ದ ಸ್ವಯಂಸೇವಕ ಆಂಬ್ಯುಲೆನ್ಸ್ ಚಾಲಕರ ಸಂಘಟನೆಯಾದ ಎ.ಎಫ್.ಎಸ್., ಎರಡನೇ ಮಹಾಯುದ್ಧ ಮುಗಿದ ಬಳಿಕ ವಿದ್ಯಾರ್ಥಿ ವಿನಿಮಯವನ್ನು ಆರಂಭಿಸಿತು. ಬೇರೆ ದೇಶದವರ ಮನೆಯಲ್ಲಿ ಬಾಳಿದವರು ಅವರನ್ನು ಶತ್ರುಗಳೆಂದು ಕಾಣಲಾರರು ಎಂಬುದು ಅದರ ಹಿಂದಿನ ಆಶಯ. ರೋಟರಿ ಸಂಸ್ಥೆಯೂ ಇಂತಹ ವಿನಿಮಯವನ್ನು ನಡೆಸುತ್ತದೆ. ರೋಟರಿಯ ವರ್ಷಾವಧಿ ವಿನಿಮಯದಲ್ಲಿ ವಿದ್ಯಾರ್ಥಿ ಸಾಮಾನ್ಯವಾಗಿ ಒಂದಕ್ಕಿಂತ ಹೆಚ್ಚು ಕುಟುಂಬಗಳಲ್ಲಿ ಇರುತ್ತಾನೆ.

ಆತಿಥೇಯ ಕುಟುಂಬವು ಪೇಯಿಂಗ್ ಗೆಸ್ಟ್ ಮನೆಯಲ್ಲ. ಅಲ್ಲಿ ವಿದ್ಯಾರ್ಥಿಯನ್ನು ಮನೆಯ ಮಗುವಿನಂತೆಯೇ ಕಾಣುತ್ತಾರೆ. ತಟ್ಟೆ ತೊಳೆಯುವುದು, ಕಸ ಹೊರಗಿಡುವುದು, ಎಲ್ಲಿಗೆ ಹೋಗುತ್ತೇನೆಂದು ಹೇಳಿ ಹೋಗುವುದು - ಇವೆಲ್ಲ ಮನೆಯವರಂತೆ ವಿದ್ಯಾರ್ಥಿಗೂ ಅನ್ವಯಿಸುತ್ತವೆ.

ನಿಯಮಗಳು ಏನು ಹೇಳುತ್ತವೆ?

ಅಮೆರಿಕದ ಉದಾಹರಣೆಯನ್ನು ನೋಡೋಣ. ಜೆ-1 ವೀಸಾದಲ್ಲಿ ಹೋಗುವ ಹೈಸ್ಕೂಲು ವಿದ್ಯಾರ್ಥಿಗಳ ಬಗ್ಗೆ ಅಲ್ಲಿನ ಸರಕಾರ ಸ್ಪಷ್ಟ ನಿಯಮಗಳನ್ನು ಮಾಡಿದೆ:

- ಕಾರ್ಯಕ್ರಮ ನಡೆಸುವ ಸಂಸ್ಥೆಯು ಕುಟುಂಬದವರನ್ನು ಅವರ ಮನೆಯಲ್ಲೇ ಭೇಟಿಯಾಗಿ ಸಂದರ್ಶನ ಮಾಡಬೇಕು.
- ಮನೆಯಲ್ಲಿರುವ 18 ವರ್ಷ ಮೇಲ್ಪಟ್ಟ ಎಲ್ಲರ ಅಪರಾಧ ಹಿನ್ನೆಲೆಯನ್ನು ಪರಿಶೀಲಿಸಬೇಕು.
- ವಿದ್ಯಾರ್ಥಿ ಊರು ಬಿಡುವ ಮೊದಲೇ ಕುಟುಂಬ ನಿಗದಿಯಾಗಿ, ಅದರ ವಿವರ ವಿದ್ಯಾರ್ಥಿಗೆ ತಲುಪಿರಬೇಕು.
- ಮನೆಯಲ್ಲಿ ಒಬ್ಬರೇ ವಾಸವಿದ್ದರೆ ವಿದ್ಯಾರ್ಥಿ ಮತ್ತು ಹೆತ್ತವರು ಮುಂಚಿತವಾಗಿ ಲಿಖಿತ ಒಪ್ಪಿಗೆ ನೀಡಬೇಕು.
- ಸ್ಥಳೀಯ ಪ್ರತಿನಿಧಿ ವಿದ್ಯಾರ್ಥಿಯೊಂದಿಗೆ ಪ್ರತಿ ತಿಂಗಳು ಸಂಪರ್ಕದಲ್ಲಿರಬೇಕು.

ಬೇರೆ ದೇಶಗಳ ನಿಯಮಗಳು ಬೇರೆ ಇರಬಹುದು. ಆದರೆ ಎಲ್ಲಿಗೆ ಹೋಗುವುದಾದರೂ ಇವೇ ವಿಷಯಗಳನ್ನು ಸಂಸ್ಥೆಯವರಲ್ಲಿ ಕೇಳುವ ಹಕ್ಕು ಪೋಷಕರಿಗಿದೆ. ಮೊದಲು ಹೋಗುವ ಮನೆ ಕೊನೆಯವರೆಗಿನದೋ, ತಾತ್ಕಾಲಿಕವೋ ಎಂಬುದನ್ನೂ ಕೇಳಿ.

ಮೊದಲ ಪತ್ರ ಸತ್ಯದ ಪತ್ರವಾಗಲಿ

ಕುಟುಂಬದ ವಿಳಾಸ ಕೈಸೇರಿದ ಕೂಡಲೇ ವಿದ್ಯಾರ್ಥಿಯೇ ಸ್ವತಃ ಬರೆಯಬೇಕು. ಅಪ್ಪ ಬರೆದುಕೊಟ್ಟದ್ದನ್ನು ಕಳುಹಿಸುವುದಲ್ಲ. ಅಂಕಗಳ ಪಟ್ಟಿಗಿಂತ ದಿನಚರಿಯ ವಿವರ ಅವರಿಗೆ ಮುಖ್ಯ. ಬೆಳಿಗ್ಗೆ ಎಷ್ಟು ಗಂಟೆಗೆ ಏಳುತ್ತೀರಿ, ಯಾವುದನ್ನು ತಿನ್ನುವುದಿಲ್ಲ, ನಾಯಿ ಕಂಡರೆ ಹೆದರಿಕೆಯೇ, ಈಜಲು ಬರುತ್ತದೆಯೇ ಎಂಬುದನ್ನು ಬರೆಯಿರಿ. ಭಾನುವಾರ ಚರ್ಚಿಗೆ ಹೋಗುವ ಇಚ್ಛೆಯಿದ್ದರೆ ಅದನ್ನೂ ಈಗಲೇ ತಿಳಿಸಿ. ಅವರು ಬೇರೆ ನಂಬಿಕೆಯವರಿರಬಹುದು, ಚರ್ಚ್ ದೂರವಿರಬಹುದು. ವಾಹನದ ವ್ಯವಸ್ಥೆಗೆ ಸಮಯ ಬೇಕಾಗುತ್ತದೆ.

ಕಾಯಿಲೆಯ ವಿಷಯವನ್ನು ಎಂದೂ ಮುಚ್ಚಿಡಬೇಡಿ. ಅಸ್ತಮಾ ಇದೆ ಎಂದರೆ ಕುಟುಂಬ ಸಿಗಲಾರದು ಎಂಬ ಅಂಜಿಕೆ ಸಹಜ. ಆದರೆ ಮನೆ ತುಂಬ ಬೆಕ್ಕುಗಳಿರುವಲ್ಲಿ ಮಧ್ಯರಾತ್ರಿ ಉಬ್ಬಸ ಎದ್ದರೆ, ಏನೂ ತಿಳಿಯದ ಆ ಮನೆಯವರು ಏನು ಮಾಡಬೇಕು?

ಇಷ್ಟನ್ನು ಕೇಳಿಕೊಳ್ಳಿ

ಅವರನ್ನು ಏನೆಂದು ಕರೆಯಬೇಕು ಎಂಬುದೇ ಮೊದಲ ಪ್ರಶ್ನೆ. ಹಿರಿಯರನ್ನು ಹೆಸರು ಹಿಡಿದು ಕರೆಯುವುದು ನಮಗೆ ಕಷ್ಟ. ಹಲವು ದೇಶಗಳಲ್ಲಿ ಅದು ಅಗೌರವವಲ್ಲ. ರಾತ್ರಿ ಊಟದ ಹೊತ್ತು, ಮೊಬೈಲ್ ಬಳಕೆ, ಬಟ್ಟೆ ಒಗೆಯುವ ಕ್ರಮ, ಯಾವ ಖರ್ಚು ಯಾರದು ಎಂಬುದನ್ನೂ ಕೇಳಿ.

ಊಟದ ಮೇಜಿನಲ್ಲಿ ಒಂದು ಮಾತು ನೆನಪಿರಲಿ. ನಮ್ಮಲ್ಲಿ ನಾಚಿಕೆಯಿಂದ 'ಬೇಡ' ಎಂದರೂ ಇನ್ನೊಂದು ಸೌಟು ಬಡಿಸುತ್ತಾರೆ. ಅಲ್ಲಿ 'ಬೇಡ' ಎಂದರೆ ಬೇಡವೆಂದೇ ಅರ್ಥ. ಹಸಿವಾಗಿದ್ದರೆ ಹಾಗೆಂದು ಹೇಳಲು ಕಲಿಯಬೇಕು.

ಉಡುಗೊರೆ ಚಿಕ್ಕದಿದ್ದರೆ ಸಾಕು. ಮಾಂಸದ ಉಪ್ಪಿನಕಾಯಿ, ಹಸಿ ಹಣ್ಣು ಕಟ್ಟಬೇಡಿ. ವಿಮಾನ ನಿಲ್ದಾಣದಲ್ಲಿ ತೊಂದರೆಯಾದೀತು. ಅದಕ್ಕಿಂತ ಒಂದು ಅಡುಗೆ ಕಲಿತು ಹೋಗಿ. ನೀರುದೋಸೆಗೆ ಅಕ್ಕಿ, ನೀರು, ಉಪ್ಪು ಇದ್ದರಾಯಿತು!

ಹೆತ್ತವರಿಗೆ ಎರಡು ಮಾತು

ಹೊರಡುವ ಮುನ್ನ ಒಮ್ಮೆ ವಿಡಿಯೊ ಕರೆ ಮಾಡಿ ಎರಡೂ ಮನೆಯವರು ಮುಖ ನೋಡಿ ಮಾತನಾಡಿ. ಇಂಗ್ಲಿಷ್ ಚೆನ್ನಾಗಿ ಬಾರದೆಂದು ಅಮ್ಮಂದಿರು ಹಿಂಜರಿಯಬೇಕಿಲ್ಲ. ಮಗು ತರ್ಜುಮೆ ಮಾಡಲಿ. ಮಗು ಅಲ್ಲಿ ತಲುಪಿದ ಮೇಲೆ ಮಾತ್ರ ದಿನಕ್ಕೆ ಮೂರು ಬಾರಿ ಕರೆ ಮಾಡಬೇಡಿ. ನ್ಯೂಯಾರ್ಕಿನ ಗಡಿಯಾರ ನಮಗಿಂತ ಬೇಸಿಗೆಯಲ್ಲಿ ಒಂಬತ್ತೂವರೆ, ಚಳಿಗಾಲದಲ್ಲಿ ಹತ್ತೂವರೆ ಗಂಟೆ ಹಿಂದೆ; ನಮ್ಮ ಬೆಳಗಿನ ಕರೆ ಅವರ ರಾತ್ರಿಯ ಊಟಕ್ಕೋ ನಿದ್ದೆಗೋ ಅಡ್ಡಿಯಾಗುತ್ತದೆ.

ಇನ್ನೊಂದು ಮಾತು ಎಲ್ಲಕ್ಕಿಂತ ಮುಖ್ಯ. "ಸ್ವಲ್ಪ ಹೊಂದಿಕೊಂಡು ಹೋಗು" ಎಂದು ಹೇಳಿಯೇ ನಾವು ಮಕ್ಕಳನ್ನು ಕಳುಹಿಸುತ್ತೇವೆ. ಊಟದ ರುಚಿಗೆ, ಚಳಿಗೆ, ಮನೆಯ ಶಿಸ್ತಿಗೆ ಹೊಂದಿಕೊಳ್ಳಲಿ. ಆದರೆ ಭಯ ಹುಟ್ಟಿಸುವ ಮಾತು, ಅನುಚಿತ ಸ್ಪರ್ಶ, ಹಸಿದಿರುವ ಸ್ಥಿತಿ - ಇವುಗಳಿಗೆ ಹೊಂದಿಕೊಳ್ಳಬೇಕಾಗಿಲ್ಲ ಎಂದು ಬಿಡಿಸಿ ಹೇಳಿ. ಸ್ಥಳೀಯ ಪ್ರತಿನಿಧಿಯ ಮತ್ತು ಸಂಸ್ಥೆಯ ದೂರವಾಣಿ ಸಂಖ್ಯೆಗಳನ್ನು ಮೊಬೈಲಿನಲ್ಲಷ್ಟೇ ಅಲ್ಲ, ಕಾಗದದಲ್ಲೂ ಬರೆದುಕೊಡಿ. ಕುಟುಂಬ ಬದಲಾಯಿಸಿಕೊಳ್ಳುವುದು ಸೋಲಲ್ಲ, ಮನೆತನಕ್ಕೆ ಅವಮಾನವೂ ಅಲ್ಲ.

ಅಪರಿಚಿತರೊಬ್ಬರು ನಮ್ಮ ಮಗುವಿಗೆ ತಮ್ಮ ಮನೆಯ ಬಾಗಿಲು ತೆರೆಯುತ್ತಿದ್ದಾರೆ. ಆ ಬಾಗಿಲಿನ ಒಳಗೆ ಯಾರಿದ್ದಾರೆಂದು ಮೊದಲೇ ತಿಳಿದುಕೊಳ್ಳುವುದು ಅಪನಂಬಿಕೆಯಲ್ಲ. ಎರಡೂ ಮನೆಗಳ ನಡುವೆ ಬೆಳೆಯಬೇಕಾದ ನಂಬಿಕೆಗೆ ಅದುವೇ ಬುನಾದಿ.