ಅಟ್ಟದ ಮೇಲಿನ ಸಾಮಾನು, ಮನಸ್ಸಿನ ಮೇಲಿನ ಭಾರ

ಮನೆಯೊಳಗಿನ ವಸ್ತುಗಳಿಗೂ ಮನೆಯವರ ನೆಮ್ಮದಿಗೂ ಇರುವ ನಂಟನ್ನು ಹತ್ತಿರದಿಂದ ಪರಿಶೀಲಿಸಿದ ಅಧ್ಯಯನಗಳಲ್ಲಿ, ಲಾಸ್ ಏಂಜಲೀಸ್‌ನ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವಿದ್ವಾಂಸರು 2001ರಿಂದ 2005ರವರೆಗೆ ಕೈಗೊಂಡ ಕ್ಷೇತ್ರಕಾರ್ಯಕ್ಕೆ ವಿಶೇಷ ಸ್ಥಾನವಿದೆ. ಮಾನವಶಾಸ್ತ್ರಜ್ಞರು, ಪುರಾತತ್ತ್ವಜ್ಞರು ಮತ್ತು ಮನೋವಿಜ್ಞಾನಿಗಳು ಜೊತೆಗೂಡಿ 32 ಮಧ್ಯಮವರ್ಗದ ಕುಟುಂಬಗಳ ಮನೆಗಳಿಗೆ ಹೋಗಿ, ಹಳೆಯ ನೆಲೆಯೊಂದನ್ನು ಅಗೆಯುವವರು ಮಡಕೆಯ ಚೂರುಗಳನ್ನು ಪಟ್ಟಿ ಮಾಡುವಷ್ಟೇ ಶ್ರದ್ಧೆಯಿಂದ ಅಲ್ಲಿನ ಸಾಮಾನುಗಳನ್ನು ದಾಖಲಿಸಿದರು. ಒಂದು ಮನೆಯ ಎರಡು ಮಲಗುವ ಕೋಣೆ ಹಾಗೂ ಒಂದು ನಡುಮನೆಯಲ್ಲೇ ಕಣ್ಣಿಗೆ ಕಾಣುವ 2,260 ವಸ್ತುಗಳು ಲೆಕ್ಕಕ್ಕೆ ಸಿಕ್ಕವು. ಪೆಟ್ಟಿಗೆ ಮತ್ತು ಖಾನೆಗಳ ಒಳಗಿದ್ದವು ಈ ಎಣಿಕೆಗೆ ಸೇರಿರಲಿಲ್ಲ. ಕಾರಿಗೆಂದು ಕಟ್ಟಿದ ಗ್ಯಾರೇಜುಗಳಲ್ಲಿ ಸುಮಾರು ಮುಕ್ಕಾಲು ಪಾಲು, ಕಾರು ನಿಲ್ಲಿಸಲು ಜಾಗವೇ ಉಳಿಯದಷ್ಟು ತುಂಬಿಹೋಗಿದ್ದವು.

ಈ ಯೋಜನೆಯ ಭಾಗವಾಗಿಯೇ ಡಾರ್ಬಿ ಸ್ಯಾಕ್ಸ್‌ಬಿ ಮತ್ತು ರೆನಾ ರೆಪೆಟಿ 2010ರಲ್ಲಿ ಪ್ರಕಟಿಸಿದ ಸಂಶೋಧನೆ ವಸ್ತುಗಳ ಎಣಿಕೆಯಿಂದ ಮನಸ್ಸಿನ ಕಡೆಗೆ ತಿರುಗಿತು. 30 ದಂಪತಿಗಳಿಗೆ ಕ್ಯಾಮೆರಾ ಕೊಟ್ಟು, ತಮ್ಮ ಮನೆಯನ್ನು ತೋರಿಸುತ್ತ ಅದರ ಬಗ್ಗೆ ಮಾತನಾಡುವಂತೆ ಕೇಳಿಕೊಳ್ಳಲಾಯಿತು. ಆ ಮಾತುಗಳಲ್ಲಿ ‘ಎಲ್ಲೆಂದರಲ್ಲಿ ಹರಡಿದೆ’, ‘ಕೆಲಸ ಇನ್ನೂ ಮುಗಿದಿಲ್ಲ’ ಎಂಬ ಅರ್ಥದ ಪದಗಳು ಎಷ್ಟು ಬಂದವೆಂಬುದನ್ನು ಗುರುತಿಸಿ, ಅವರ ಜೊಲ್ಲಿನಲ್ಲಿದ್ದ ಕಾರ್ಟಿಸೋಲ್ ಪ್ರಮಾಣದೊಂದಿಗೆ ಹೋಲಿಸಿ ನೋಡಲಾಯಿತು. ಕಾರ್ಟಿಸೋಲ್ ಎಂಬುದು ಒತ್ತಡಕ್ಕೆ ದೇಹ ಸ್ಪಂದಿಸುವಾಗ ಹೆಚ್ಚಾಗುವ ಹಾರ್ಮೋನು. ಬೆಳಗ್ಗೆ ಎದ್ದ ಹೊತ್ತಿಗೆ ಏರಿ, ರಾತ್ರಿಯ ವೇಳೆಗೆ ಇಳಿಯುವುದು ಅದರ ಸಹಜ ಗತಿ. ಮನೆಯನ್ನು ಅಸ್ತವ್ಯಸ್ತವೆಂದು ಬಣ್ಣಿಸಿದ ಹೆಂಡತಿಯರಲ್ಲಿ ಈ ಇಳಿತ ಮಂದವಾಗಿತ್ತು, ದಿನ ಕಳೆದಂತೆ ಮನಸ್ಸು ಕುಗ್ಗುವುದೂ ಕಂಡುಬಂತು. ಗಂಡಂದಿರಲ್ಲಿ ಅಂತಹ ಸ್ಪಷ್ಟ ಸಂಬಂಧ ತೋರಲಿಲ್ಲ. ಒಂದೇ ಸೂರಿನಡಿ, ಅದೇ ಸಾಮಾನುಗಳ ನಡುವೆ ಬದುಕುವ ಇಬ್ಬರಲ್ಲಿ ಈ ವ್ಯತ್ಯಾಸವೇಕೆ ಎಂದು ಯೋಚಿಸಿದರೆ, ಸೋಫಾದ ಮೇಲಿನ ಬಟ್ಟೆಯ ರಾಶಿ ಒಬ್ಬರಿಗೆ ಬರಿಯ ಬಟ್ಟೆಯಾಗಿ, ಇನ್ನೊಬ್ಬರಿಗೆ ಮಡಿಚಿಡಬೇಕಾದ ಕೆಲಸವಾಗಿ ಕಾಣುತ್ತದೆಂಬ ವಿವರಣೆಯೇ ಹೆಚ್ಚು ಒಪ್ಪಿಗೆಯಾಗುತ್ತದೆ. ಆದರೂ ಇಲ್ಲಿ ಸಿಕ್ಕಿರುವುದು ಜೊತೆಗೂಡಿ ಬರುವ ಎರಡು ಸಂಗತಿಗಳೇ ಹೊರತು ಕಾರಣ ಮತ್ತು ಪರಿಣಾಮಗಳ ರುಜುವಾತಲ್ಲ. ಖಿನ್ನತೆಯಲ್ಲಿರುವವರಿಗೆ ಮನೆಯನ್ನು ಓರಣಗೊಳಿಸುವ ಚೈತನ್ಯವೇ ಉಡುಗಿರುವ ಸಾಧ್ಯತೆಯೂ ಇದೆ.

ವಸ್ತುವಿನ ಭಾರ ಅದು ಹಿಡಿಯುವ ಜಾಗಕ್ಕಿಂತ ಹೆಚ್ಚಾಗಿ ಅದು ಬೇಡುವ ಗಮನದಲ್ಲಿದೆ. ಕಣ್ಣೆದುರು ಹಲವು ವಸ್ತುಗಳು ಒಟ್ಟಿಗಿದ್ದಾಗ ಅವು ಮಿದುಳಿನ ದೃಷ್ಟಿಭಾಗದಲ್ಲಿ ಪರಸ್ಪರ ಪೈಪೋಟಿಗಿಳಿದು ಒಂದನ್ನೊಂದು ಮಂಕಾಗಿಸುತ್ತವೆಂಬುದನ್ನು ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಸ್ಟೆಫನಿ ಮೆಕ್‌ಮೇನ್ಸ್ ಮತ್ತು ಸಬೀನ್ ಕಾಸ್ಟ್ನರ್ 2011ರ ಲೇಖನವೊಂದರಲ್ಲಿ ತೋರಿಸಿದ್ದಾರೆ. ಬೇಕಾದುದರ ಮೇಲೆ ಗಮನವಿಡಲು ಬೇಡದ್ದನ್ನು ಬದಿಗೊತ್ತಬೇಕಾಗುತ್ತದೆ, ಬದಿಗೊತ್ತುವುದೂ ಒಂದು ದುಡಿಮೆಯೇ. ಇದರ ಮೇಲೆ ಒರೆಸುವ, ರಿಪೇರಿ ಮಾಡಿಸುವ, ಹುಡುಕುವ, ಇಟ್ಟುಕೊಳ್ಳಬೇಕೋ ಬಿಡಬೇಕೋ ಎಂಬ ನಿರ್ಧಾರವನ್ನು ನಾಳೆಗೆ ದೂಡುವ ಆಯಾಸವೂ ಸೇರುತ್ತದೆ.

ಹೀಗಿದ್ದೂ ಬಿಡುವುದು ಸುಲಭವಲ್ಲ. ಡೇನಿಯಲ್ ಕಾನೆಮನ್, ಜ್ಯಾಕ್ ನೆಚ್ ಮತ್ತು ರಿಚರ್ಡ್ ಥೇಲರ್ 1990ರಲ್ಲಿ ಪ್ರಕಟಿಸಿದ ಪ್ರಯೋಗಗಳಲ್ಲಿ ಕೆಲವು ವಿದ್ಯಾರ್ಥಿಗಳಿಗೆ ಕಾಫಿ ಮಗ್ಗು ಕೊಟ್ಟು, ಎಷ್ಟು ಬೆಲೆಗೆ ಮಾರುವಿರೆಂದು ಕೇಳಿದಾಗ, ಮಗ್ಗು ಸಿಗದವರು ಕೊಡಲು ಸಿದ್ಧರಿದ್ದ ಬೆಲೆಯ ಎರಡು ಪಟ್ಟಿನಷ್ಟನ್ನು ಅವರು ಕೇಳಿದರು. ಕೈಗೆ ಬಂದ ಮರುಕ್ಷಣವೇ ವಸ್ತುವಿನ ಬೆಲೆ ಒಡೆಯನ ಕಣ್ಣಲ್ಲಿ ಏರುವ ಈ ಪ್ರವೃತ್ತಿಗೆ ಒಡೆತನದ ಪರಿಣಾಮವೆನ್ನಬಹುದು.

ಕರ್ನಾಟಕದ ಮನೆಗಳಲ್ಲಿ ಇದಕ್ಕಿಂತ ಗಟ್ಟಿಯಾದ ಇನ್ನೊಂದು ಹಿಡಿತವೂ ಇದೆ. ಅಟ್ಟದ ಮೇಲಿನ ಸ್ಟೀಲ್ ಕೊಳಗ, ಬೋಗುಣಿ, ತಟ್ಟೆಗಳನ್ನು ಕೆಳಗಿಳಿಸಿ ಧೂಳು ಒರೆಸಿದರೆ ಅಂಚಿನಲ್ಲಿ ಚುಕ್ಕಿ ಚುಕ್ಕಿಯಾಗಿ ಕೊರೆದ ಹೆಸರು, ಮದುವೆಯ ತಾರೀಖು ಕಾಣುತ್ತದೆ. ಅದು ಮುಯ್ಯಿ, ಎಂದರೆ ಕೊಟ್ಟವರ ಮನೆಯ ಶುಭಕಾರ್ಯದಲ್ಲಿ ಹಿಂದಿರುಗಿಸಬೇಕಾದ ಉಡುಗೊರೆಯಾದ್ದರಿಂದ, ಅದನ್ನು ಗುಜರಿಗೆ ಹಾಕುವುದು ಸಂಬಂಧವನ್ನೇ ಗುಜರಿಗೆ ಹಾಕಿದಂತೆ ಅನಿಸುತ್ತದೆ. ಅರಿಶಿನ ಕುಂಕುಮದ ಜೊತೆ ಬರುವ ರವಿಕೆ ಕಣಗಳ ಸ್ವಭಾವ ಬೇರೆ. ಬೀರುವಿನಲ್ಲಿ ಕೆಲವು ದಿನ ತಂಗಿ, ಮುಂದಿನ ಹಬ್ಬದಲ್ಲಿ ಇನ್ನೊಬ್ಬ ಮುತ್ತೈದೆಯ ಕೈ ಸೇರುತ್ತವೆ. ಬಂದದ್ದು ಮುಂದೆ ಸಾಗಬೇಕೆಂಬ ತಿಳಿವಳಿಕೆ ಈ ಪದ್ಧತಿಯೊಳಗೇ ಇದೆ. ಜೊತೆಗೆ, ರೇಷನ್ ಅಂಗಡಿಯ ಸಾಲಿನಲ್ಲಿ ಬದುಕು ಕಂಡ ತಲೆಮಾರಿಗೆ ‘ಮುಂದೆ ಬೇಕಾದೀತು’ ಎಂದು ಖಾಲಿ ಡಬ್ಬವನ್ನೂ ಎತ್ತಿಡುವುದು ವಿವೇಕವೇ ಆಗಿತ್ತು; ವಸ್ತು ಸುಲಭವಾಗಿ ಸಿಗುವ ಕಾಲಕ್ಕೂ ಅದೇ ರೂಢಿ ಮುಂದುವರಿದಾಗ ತೊಡಕು ಶುರುವಾಗುತ್ತದೆ.

ಕಡಿಮೆ ವಸ್ತುಗಳ ಬದುಕನ್ನು ಇಂದು ಜಪಾನಿನಿಂದಲೋ ಅಮೆರಿಕದಿಂದಲೋ ಬಂದ ಹೊಸ ವಿಚಾರವೆಂಬಂತೆ ಪರಿಚಯಿಸಲಾಗುತ್ತದೆಯಾದರೂ, ಈ ನೆಲದ ಜೈನ ಧರ್ಮ ಅದನ್ನು ಬಹು ಹಿಂದೆಯೇ ಕೂಲಂಕಷವಾಗಿ ಚಿಂತಿಸಿದೆ. ದಿಗಂಬರ ಮುನಿಗಳು ನವಿಲುಗರಿಯ ಪಿಂಛಿ, ನೀರಿನ ಕಮಂಡಲುಗಳ ಹೊರತು ಬಹುತೇಕ ಎಲ್ಲವನ್ನೂ ತ್ಯಜಿಸಿದರೆ, ಸಂಸಾರಿಗಳಾದ ಶ್ರಾವಕರಿಗೆ ವಿಧಿಸಿರುವುದು ಪರಿಗ್ರಹ ಪರಿಮಾಣವೆಂಬ ಅಣುವ್ರತ. ತನಗೆ ಹೊಲ, ಮನೆ, ಧನ, ಧಾನ್ಯ, ಪಾತ್ರೆಪಡಗ ಎಷ್ಟು ಸಾಕೆಂಬ ಮಿತಿಯನ್ನು ತಾನೇ ನಿಗದಿಪಡಿಸಿಕೊಂಡು ಅದನ್ನು ಮೀರದಿರುವುದು ಇದರ ತಿರುಳು. ಜೈನರ ಪ್ರಮುಖ ಗ್ರಂಥವಾದ ತತ್ತ್ವಾರ್ಥಸೂತ್ರವು ಪರಿಗ್ರಹವನ್ನು ವಸ್ತುವಿನಲ್ಲಿ ಗುರುತಿಸದೆ, ಅದರ ಬಗೆಗಿನ ಮೂರ್ಛೆಯಲ್ಲಿ, ಅಂದರೆ ಮೈಮರೆಸುವ ಮೋಹದಲ್ಲಿ ಗುರುತಿಸುತ್ತದೆ. 12ನೆಯ ಶತಮಾನದ ಕಲ್ಯಾಣದಲ್ಲಿ ಅಕ್ಕಿ ಆಯುವ ಕಾಯಕದ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ, ಹೆಚ್ಚಿನದನ್ನು ಅಲ್ಲಿಯೇ ಸುರಿದು ಬರುವಂತೆ ಪತ್ನಿ ಲಕ್ಕಮ್ಮ ಹೇಳಿದಳೆಂಬ ಶರಣ ಪರಂಪರೆಯ ಪ್ರಸಂಗವೂ ಇದೇ ಪರಿಮಾಣದ ಪ್ರಜ್ಞೆಯನ್ನು ತೋರುತ್ತದೆ. ‘ಸಾಕು’ ಎಂಬ ಗೆರೆ ಎಳೆದುಕೊಂಡವರಿಗೆ ಅಂಗಡಿಯ ಮುಂದೆ, ಮೊಬೈಲಿನ ಜಾಹೀರಾತಿನ ಮುಂದೆ ಪ್ರತಿ ಸಲವೂ ಹೊಸದಾಗಿ ತೀರ್ಮಾನಿಸಬೇಕಾದ ಶ್ರಮ ತಪ್ಪುತ್ತದೆ. ಮನಸ್ಸಿಗೆ ಸಿಗುವ ಬಿಡುವಿನ ಬಹುಪಾಲು ಬರುವುದು ಇಲ್ಲಿಂದಲೇ.

ತಾನಾಗಿ ಆರಿಸಿಕೊಂಡ ಮಿತಿಯನ್ನು ಬಡತನದೊಂದಿಗೆ ಬೆರೆಸಿ ನೋಡುವುದು ಅನ್ಯಾಯ. ಬೇಕಾದದ್ದು ಸಿಗದಿರುವುದು ಮನಸ್ಸನ್ನು ಹಗುರಗೊಳಿಸುವುದಿಲ್ಲ, ಬೇಯಿಸುತ್ತದೆ. ಹಾಗೆಯೇ ಸಂಗ್ರಹಗೀಳು ಎಂಬ ಕಾಯಿಲೆಯೂ ಬೇರೆಯೇ. ಅಮೆರಿಕದ ಮನೋವೈದ್ಯರ ಸಂಘ 2013ರಲ್ಲಿ ಇದನ್ನು ಪ್ರತ್ಯೇಕ ಕಾಯಿಲೆಯಾಗಿ ಪರಿಗಣಿಸಿತು. ಬೆಲೆಯಿರಲಿ ಇಲ್ಲದಿರಲಿ, ಯಾವುದನ್ನು ಬಿಡುವುದೂ ಅಸಹನೀಯ ಸಂಕಟವಾಗಿ, ಮನೆಯ ಕೋಣೆಗಳು ಬಳಸಲಾಗದಷ್ಟು ತುಂಬುವ ಈ ಸ್ಥಿತಿಗೆ ಬೇಕಾಗಿರುವುದು ಚಿಕಿತ್ಸೆ, ಗದರಿಕೆಯಲ್ಲ.

ವಯಸ್ಸಾದವರಿರುವ ಮನೆಯಲ್ಲಿ ಇನ್ನಷ್ಟು ಎಚ್ಚರ ಬೇಕು. ಶಿಕಾಗೋದ ಕುಟುಂಬಗಳನ್ನು ಮಾತನಾಡಿಸಿ ಮಿಹಾಯಿ ಚಿಕ್‌ಸೆಂಟ್‌ಮಿಹಾಯಿ ಮತ್ತು ಯೂಜಿನ್ ರಾಕ್‌ಬರ್ಗ್ ಹಾಲ್ಟನ್ 1981ರಲ್ಲಿ ಹೊರತಂದ ಗ್ರಂಥದ ಪ್ರಕಾರ, ಜನರಿಗೆ ತಮ್ಮ ಮನೆಯ ಯಾವ ವಸ್ತು ಪ್ರಿಯವೆಂಬುದು ಅದರ ಬೆಲೆಗಿಂತ ಅದರೊಂದಿಗೆ ಹೆಣೆದುಕೊಂಡ ನೆನಪು, ಸಂಬಂಧಗಳಿಂದ ತೀರ್ಮಾನವಾಗುತ್ತದೆ, ಹಿರಿಯರಿಗೆ ಹಳೆಯ ಫೋಟೋಗಳು ಅಂತಹವು. ಮಕ್ಕಳು ಊರಿಗೆ ಬಂದ ಎರಡು ದಿನದ ರಜೆಯಲ್ಲಿ ಅಜ್ಜಿಗೆ ಹೇಳದೆಯೇ ಅಟ್ಟ ಖಾಲಿ ಮಾಡಿಸಿದರೆ ಮನೆ ವಿಶಾಲವಾದೀತು, ಆದರೆ ಆಕೆಯ ಪಾಲಿಗೆ ಅಲ್ಲಿ ಒಂದಿಷ್ಟು ಬದುಕೇ ಕಡಿಮೆಯಾಗಿರುತ್ತದೆ. ಪಾತ್ರೆಗಳನ್ನು ಒಂದೊಂದಾಗಿ ಕೆಳಗಿಳಿಸಿ, ಆಕೆಯ ಪಕ್ಕದಲ್ಲಿ ಕೂತು, ಕೊರೆದ ಹೆಸರು ಯಾರದೆಂದು ಕೇಳಿದರೆ, ಯಾವ ಮದುವೆ, ಯಾರ ಕಡೆಯವರು ಎಂದೆಲ್ಲ ಹೇಳಿ ಮುಗಿಸಿದ ಮೇಲೆ, ಇದು ಇರಲಿ, ಅದನ್ನು ಬೇಕಾದವರಿಗೆ ಕೊಡಿ ಎಂದು ಆಕೆಯೇ ವಿಂಗಡಿಸತೊಡಗುವುದುಂಟು.